ಮಾಡಿದ್ದನ್ನೇ ಮತ್ತೆ ಮಾಡದ ಸಾಧನ: ಉಬುಂಟು ಕಂಪ್ಯೂಟರಿನಲ್ಲಿ ‘ಮೇಕ್’ ಸ್ಥಾಪನೆ

ತರಗತಿಯ ಪತ್ರಿಕೆಯನ್ನು ಕಂಪ್ಯೂಟರಿನಲ್ಲಿ ಸಿದ್ಧಪಡಿಸುವಾಗ ಒದಗುವ ಒಂದು ತೊಡಕು ಬಹುಮಂದಿ ಅಧ್ಯಾಪಕರಿಗೆ ಪರಿಚಿತವಾದುದೇ. ಮಕ್ಕಳ ಒಂದು ಗುಂಪು ತಮ್ಮ ಊರಿನ ಗಾದೆಗಳನ್ನು ಒಂದು ಕಡತದಲ್ಲಿ ಟೈಪ್ ಮಾಡುತ್ತದೆ. ಇನ್ನೊಂದು ಗುಂಪು ಅಜ್ಜಿಯರಿಂದ ಕೇಳಿ ತಂದ ಒಗಟುಗಳನ್ನು ಬೇರೊಂದು ಕಡತದಲ್ಲಿ ಸೇರಿಸುತ್ತದೆ. ಅಧ್ಯಾಪಕರು ಎರಡನ್ನೂ ಕೂಡಿಸಿ ಸಂಚಿಕೆಯ ಕಡತವನ್ನು ಮಾಡುತ್ತಾರೆ. ಮುದ್ರಣದ ಹಿಂದಿನ ದಿನ ಒಬ್ಬ ಬಾಲಕಿ ಒಗಟೊಂದರಲ್ಲಿ ಕಾಗುಣಿತದ ತಪ್ಪನ್ನು ಗುರುತಿಸಿ, ಒಗಟಿನ ಕಡತದಲ್ಲಿ ತಿದ್ದುತ್ತಾಳೆ. ಆದರೆ ಕೂಡಿಸಿದ ಕಡತದಲ್ಲಿ ಹಳೆಯ ಪಾಠವೇ ಉಳಿದಿರುತ್ತದೆ. ಅಚ್ಚಾಗಿ ಬಂದ ಸಂಚಿಕೆಯಲ್ಲಿ ತಪ್ಪು ಹಾಗೆಯೇ ಇರುತ್ತದೆ. ತಿದ್ದಿದ ಬಾಲಕಿಗೆ ತನ್ನ ಶ್ರಮ ಎಲ್ಲಿ ಹೋಯಿತೆಂದು ತಿಳಿಯುವುದಿಲ್ಲ.

ಇಲ್ಲಿ ಯಾರೂ ಅಸಡ್ಡೆ ಮಾಡಲಿಲ್ಲ. ಮೂಲ ಬದಲಾದರೆ ಅದರಿಂದ ಹುಟ್ಟಿದುದನ್ನೂ ಮರಳಿ ನಿರ್ಮಿಸಬೇಕೆಂಬ ಮಾತು ಮನುಷ್ಯರ ನೆನಪನ್ನೇ ಅವಲಂಬಿಸಿತ್ತು, ಅಷ್ಟೆ. ಈ ನೆನಪಿನ ಹೊಣೆಯನ್ನು ಯಂತ್ರಕ್ಕೆ ಒಪ್ಪಿಸುವ ತಂತ್ರಾಂಶಕ್ಕೆ ನಿರ್ಮಾಣ ಸಾಧನ ಅಥವಾ ಬಿಲ್ಡ್ ಟೂಲ್ ಎಂದು ಹೆಸರು. ಅಂಥ ಸಾಧನಗಳಲ್ಲಿ ಬಹಳ ಹಳೆಯದೂ ಇಂದಿಗೂ ಬಳಕೆಯಲ್ಲಿರುವುದೂ ಆದ ‘ಮೇಕ್’ ಎಂಬುದನ್ನು ಉಬುಂಟು ಕಂಪ್ಯೂಟರಿನಲ್ಲಿ ಸ್ಥಾಪಿಸಿ, ತರಗತಿಯಲ್ಲಿ ಬಳಸುವ ಬಗೆಯನ್ನು ಈ ಲೇಖನ ವಿವರಿಸುತ್ತದೆ.

ಸಾಧನದ ಹಿನ್ನೆಲೆ

ಮೇಕ್ ಹುಟ್ಟಿದ್ದು 1976ರಲ್ಲಿ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ. ಅದನ್ನು ರಚಿಸಿದವರು ಸ್ಟುವರ್ಟ್ ಫೆಲ್ಡ್‌ಮನ್. ಅವರ ಸಹೋದ್ಯೋಗಿ ಸ್ಟೀವ್ ಜಾನ್ಸನ್ ತಮ್ಮ ಕ್ರಮವಿಧಿಯೊಂದರ ದೋಷವನ್ನು ಹುಡುಕುತ್ತ ಇಡೀ ಬೆಳಗನ್ನು ಕಳೆದಿದ್ದರು. ವಾಸ್ತವದಲ್ಲಿ ಆ ದೋಷವನ್ನು ಅವರು ಆಗಲೇ ತಿದ್ದಿದ್ದರು. ತಿದ್ದಿದ ಕಡತವನ್ನು ಯಂತ್ರಭಾಷೆಗೆ ಮತ್ತೊಮ್ಮೆ ಪರಿವರ್ತಿಸದಿದ್ದುದರಿಂದ ಹಳೆಯ ಭಾಗವೇ ಕ್ರಮವಿಧಿಯೊಳಗೆ ಉಳಿದಿತ್ತು. ಫೆಲ್ಡ್‌ಮನ್ನರಿಗೂ ಹಿಂದಿನ ಸಂಜೆ ಇಂಥದೇ ಅನುಭವವಾಗಿತ್ತು. ಅದೇ ವಾರದ ಕೊನೆಯಲ್ಲಿ ಅವರು ಮೇಕ್‌ನ ಮೊದಲ ರೂಪವನ್ನು ಸಿದ್ಧಪಡಿಸಿದರು. ನಮ್ಮ ಒಗಟಿನ ಕಡತಕ್ಕೆ ಒದಗಿದ ತೊಂದರೆ ಜಾನ್ಸನ್ನರಿಗೆ ಒದಗಿದುದೇ ಆಗಿದೆ ಎಂಬುದನ್ನು ಗಮನಿಸಬೇಕು. ಈ ಕೃತಿಗಾಗಿ ಫೆಲ್ಡ್‌ಮನ್ನರಿಗೆ 2003ನೆಯ ಸಾಲಿನ ಎ.ಸಿ.ಎಂ. ತಂತ್ರಾಂಶ ವ್ಯವಸ್ಥೆ ಪ್ರಶಸ್ತಿ ಸಂದಿತು.

ಇಂದು ಲಿನಕ್ಸ್ ಕಂಪ್ಯೂಟರುಗಳಲ್ಲಿ ದೊರೆಯುವುದು ‘ಗ್ನು ಮೇಕ್’ ಎಂಬ ಸ್ವತಂತ್ರ ರೂಪ. ಇದನ್ನು ಬರೆದವರು ರಿಚರ್ಡ್ ಸ್ಟಾಲ್‌ಮನ್ ಮತ್ತು ರೋಲೆಂಡ್ ಮೆಕ್‌ಗ್ರಾತ್. ಸಹಸ್ರಾರು ಮೂಲ ಕಡತಗಳಿಂದ ಕೂಡಿದ ಲಿನಕ್ಸ್ ಕರ್ನೆಲನ್ನು ನಿರ್ಮಿಸುವುದೂ ಮೇಕ್‌ನ ಮೂಲಕವೇ. ಜಾವಾ ಭಾಷೆಯ ಕೆಲಸಕ್ಕೆ ಆಂಟ್, ಮೇವನ್, ಗ್ರೇಡಲ್ ಮೊದಲಾದ ಬೇರೆ ಸಾಧನಗಳಿವೆ. ಅವುಗಳ ಬರವಣಿಗೆಯ ರೀತಿ ಬೇರೆಯಾದರೂ ಯಾವುದರಿಂದ ಯಾವುದು ಹುಟ್ಟುತ್ತದೆ, ಯಾವುದು ಮೊದಲು, ಯಾವುದು ಅನಂತರ ಎಂಬ ಮೂಲ ವಿಚಾರ ಒಂದೇ.

ಸ್ಥಾಪನೆಗೆ ಮುನ್ನ

ಕೇರಳದ ಶಾಲೆಗಳಲ್ಲಿ ಬಳಕೆಯಲ್ಲಿರುವ ಕೈಟ್ ಗ್ನು ಲಿನಕ್ಸ್ ಉಬುಂಟುವನ್ನು ಆಧರಿಸಿದ ಕಾರ್ಯಾಚರಣ ವ್ಯವಸ್ಥೆ. ಸಿ-ಡ್ಯಾಕ್ ಸಂಸ್ಥೆ ರೂಪಿಸಿದ ಬಾಸ್ ಲಿನಕ್ಸ್ ಡೆಬಿಯನ್ನನ್ನು ಆಧರಿಸಿದೆ. ಉಬುಂಟುವಿನ ತಳಹದಿಯೂ ಡೆಬಿಯನ್ನೇ. ಆದುದರಿಂದ ಇಲ್ಲಿ ಹೇಳುವ ಸ್ಥಾಪನೆಯ ಆಜ್ಞೆಗಳು ಈ ಮೂರಕ್ಕೂ ಅನ್ವಯಿಸುತ್ತವೆ. ವಿಂಡೋಸ್ ಇರುವ ಶಾಲೆಗಳಿಗಾಗಿ ಮುಂದೆ ಪ್ರತ್ಯೇಕವಾಗಿ ಹೇಳಿದೆ.

ಮೂರು ಸಂಗತಿಗಳನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕು. ಮೊದಲನೆಯದಾಗಿ, ಹೊಸ ತಂತ್ರಾಂಶವನ್ನು ಸ್ಥಾಪಿಸುವ ಅಧಿಕಾರ ಇರುವ ಖಾತೆಯ ಗುಪ್ತಪದ ಬೇಕು. ಶಾಲೆಯ ಕಂಪ್ಯೂಟರು ಸಾರ್ವಜನಿಕ ಸೊತ್ತು. ಮುಖ್ಯೋಪಾಧ್ಯಾಯರಿಗೂ ಪ್ರಯೋಗಾಲಯದ ಹೊಣೆ ಹೊತ್ತ ಅಧ್ಯಾಪಕರಿಗೂ ತಿಳಿಸಿಯೇ ಮುಂದುವರಿಯುವುದು ಯೋಗ್ಯ. ಎರಡನೆಯದಾಗಿ, ಅಂತರಜಾಲ ಸಂಪರ್ಕ ಇರಬೇಕು; ಇಲ್ಲದಿದ್ದರೆ ಅದಕ್ಕೂ ಉಪಾಯವಿದೆ. ಮೂರನೆಯದಾಗಿ, ಕಂಪ್ಯೂಟರಿನ ದಿನಾಂಕ ಮತ್ತು ಗಡಿಯಾರ ಸರಿಯಾಗಿರಬೇಕು. ಈ ಮೂರನೆಯ ಅಂಶ ಕ್ಷುಲ್ಲಕವೆಂದು ತೋರಬಹುದು. ಆದರೆ ಮೇಕ್‌ನ ಇಡೀ ವಿವೇಚನೆ ನಿಂತಿರುವುದು ಅದರ ಮೇಲೆ.

ಆಜ್ಞೆಗಳ ಬಗೆಗೆ ಒಂದು ಸೂಚನೆ: ಈ ಲೇಖನದಲ್ಲಿ ಆಜ್ಞೆಗಳನ್ನು ಉಚ್ಚಾರಣೆಗೆ ಅನುಸಾರವಾಗಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಕಂಪ್ಯೂಟರಿನಲ್ಲಿ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಬೇಕು. ‘ಸುಡೊ’ ಎಂಬುದರ ಅಕ್ಷರಗಳು ಎಸ್, ಯು, ಡಿ, ಓ. ‘ಆಪ್ಟ್’ ಎಂಬುದರವು ಎ, ಪಿ, ಟಿ. ‘ಕ್ಯಾಟ್’ ಎಂಬುದರವು ಸಿ, ಎ, ಟಿ. ಉಳಿದ ಮೇಕ್, ಅಪ್‌ಡೇಟ್, ಇನ್‌ಸ್ಟಾಲ್, ವರ್ಷನ್, ಡೌನ್‌ಲೋಡ್ ಮುಂತಾದವು ಎಲ್ಲರಿಗೂ ಗೊತ್ತಿರುವ ಕಾಗುಣಿತದವೇ. ಪದಗಳ ನಡುವೆ ಒಂದು ಅಂತರ ಬಿಡಬೇಕು. ಆಜ್ಞೆ ಮುಗಿದ ಮೇಲೆ ಎಂಟರ್ ಕೀಲಿಯನ್ನು ಒತ್ತಬೇಕು.

ಸ್ಥಾಪನೆಯ ಹಂತಗಳು

1. ಕಂಟ್ರೋಲ್, ಆಲ್ಟ್, ಟಿ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟರ್ಮಿನಲ್ ಕಿಟಕಿ ತೆರೆಯುತ್ತದೆ. ಇದು ಆಜ್ಞೆಯನ್ನು ಬರೆದು ಕೊಡುವ ಸ್ಥಳ.

2. ಸಾಧನ ಮೊದಲೇ ಇದೆಯೋ ಎಂದು ನೋಡಬೇಕು. ಆಜ್ಞೆ: ಮೇಕ್ --ವರ್ಷನ್. ಇಲ್ಲಿ ವರ್ಷನ್ ಪದಕ್ಕೆ ಮುನ್ನ ಎರಡು ಅಡ್ಡಗೆರೆಗಳಿವೆ; ಅಡ್ಡಗೆರೆಗೂ ಪದಕ್ಕೂ ನಡುವೆ ಅಂತರವಿಲ್ಲ. ‘ಗ್ನು ಮೇಕ್’ ಎಂಬ ಹೆಸರೂ ಆವೃತ್ತಿಯ ಸಂಖ್ಯೆಯೂ ಕಾಣಿಸಿಕೊಂಡರೆ ಸ್ಥಾಪನೆ ಆಗಿಯೇ ಇದೆ ಎಂದರ್ಥ. ಆಜ್ಞೆ ಸಿಗಲಿಲ್ಲವೆಂಬ ಉತ್ತರ ಬಂದರೆ ಮುಂದಿನ ಹಂತಕ್ಕೆ ಹೋಗಬೇಕು. ಹೀಗೆ ಉತ್ತರಿಸುವಾಗ ಉಬುಂಟು ಸಾಮಾನ್ಯವಾಗಿ ಸ್ಥಾಪನೆಯ ಆಜ್ಞೆ ಯಾವುದೆಂಬ ಸೂಚನೆಯನ್ನೂ ಜೊತೆಗೆ ಕೊಡುತ್ತದೆ.

3. ಸುಡೊ ಆಪ್ಟ್ ಅಪ್‌ಡೇಟ್. ತಂತ್ರಾಂಶಗಳ ಭಂಡಾರದಲ್ಲಿ ಈಗ ಏನೇನಿದೆ ಎಂಬ ಪಟ್ಟಿಯನ್ನು ಈ ಆಜ್ಞೆ ಹೊಸದಾಗಿ ತರಿಸುತ್ತದೆ. ಯಾವ ತಂತ್ರಾಂಶವನ್ನೂ ಇದು ಬದಲಿಸುವುದಿಲ್ಲ. ಗ್ರಂಥಾಲಯದಲ್ಲಿ ಪುಸ್ತಕ ಕೇಳುವ ಮೊದಲು ಹೊಸ ಸೂಚಿಯನ್ನು ನೋಡಿದಂತೆ. ಗುಪ್ತಪದವನ್ನು ಕೇಳಿದಾಗ ಟೈಪ್ ಮಾಡಬೇಕು. ಟೈಪ್ ಮಾಡುವಾಗ ಪರದೆಯ ಮೇಲೆ ಚುಕ್ಕೆಯೂ ಮೂಡದಿರಬಹುದು. ಕೀಲಿಮಣೆ ಕೆಟ್ಟಿತೆಂದು ತಿಳಿಯಬಾರದು. ಪಕ್ಕದಲ್ಲಿ ನಿಂತವರಿಗೆ ಅಕ್ಷರಗಳ ಸಂಖ್ಯೆಯೂ ತಿಳಿಯದಿರಲೆಂದು ಮಾಡಿದ ಏರ್ಪಾಡು ಅದು.

4. ಸುಡೊ ಆಪ್ಟ್ ಇನ್‌ಸ್ಟಾಲ್ ಮೇಕ್. ಎಷ್ಟು ಸ್ಥಳ ಬೇಕಾಗುತ್ತದೆ ಎಂಬುದನ್ನು ತಿಳಿಸಿ, ಅಗತ್ಯವಿದ್ದಲ್ಲಿ ಒಪ್ಪಿಗೆ ಕೇಳುತ್ತದೆ. ಒಪ್ಪಿಗೆ ಇದ್ದರೆ ‘ವೈ’ ಅಕ್ಷರವನ್ನು ಒತ್ತಿ ಎಂಟರ್ ಒತ್ತಬೇಕು.

5. ಮತ್ತೊಮ್ಮೆ ಮೇಕ್ --ವರ್ಷನ್. ಉಬುಂಟು 22.04 ಮತ್ತು 24.04 ಆವೃತ್ತಿಗಳಲ್ಲಿ ‘ಗ್ನು ಮೇಕ್ 4.3’ ಎಂಬ ಉತ್ತರ ಬರುತ್ತದೆ.

ಹಿರಿಯ ತರಗತಿಗಳಲ್ಲಿ ಸಿ ಭಾಷೆಯ ಪಾಠವೂ ಇರುವುದಾದರೆ ನಾಲ್ಕನೆಯ ಹಂತದಲ್ಲಿ ಮೇಕ್ ಎಂಬುದರ ಬದಲಿಗೆ ಬಿಲ್ಡ್-ಎಸೆನ್ಷಿಯಲ್ ಎಂದು ಬರೆಯಬಹುದು. ಆಗ ಮೇಕ್‌ನೊಂದಿಗೆ ಸಿ ಮತ್ತು ಸಿ ಪ್ಲಸ್ ಪ್ಲಸ್ ಭಾಷೆಗಳ ಕಂಪೈಲರುಗಳೂ ಬರುತ್ತವೆ. ಸಾಧನ ಬೇಡವೆನಿಸಿದಾಗ ಸುಡೊ ಆಪ್ಟ್ ರಿಮೂವ್ ಮೇಕ್ ಎಂಬ ಆಜ್ಞೆಯಿಂದ ಅದನ್ನು ತೆಗೆದುಹಾಕಬಹುದು.

ಮೇಲಿನ ಆಜ್ಞೆಗಳಲ್ಲಿ ಸುಡೊ ಎಂಬುದಕ್ಕೆ ಯಂತ್ರದ ಮೇಲ್ವಿಚಾರಕನ ಅಧಿಕಾರದಿಂದ ಈ ಕೆಲಸ ನಡೆಯಲಿ ಎಂಬ ಅರ್ಥವಿದೆ. ಅದನ್ನು ಸ್ಥಾಪನೆಗೆ ಮಾತ್ರ ಬಳಸಬೇಕು. ಮೇಕನ್ನು ದಿನನಿತ್ಯ ಬಳಸುವಾಗ ಅದರ ಅಗತ್ಯವಿಲ್ಲ. ಆಪ್ಟ್ ಎಂಬುದು ಅಧಿಕೃತ ಭಂಡಾರದಿಂದ ತಂತ್ರಾಂಶವನ್ನು ತರುವ ವ್ಯವಸ್ಥೆ. ಭಂಡಾರದ ಪಟ್ಟಿಗೆ ಡಿಜಿಟಲ್ ಸಹಿ ಇರುತ್ತದೆ. ತಂದ ಕಡತ ಆ ಪಟ್ಟಿಯಲ್ಲಿರುವಂತೆಯೇ ಇದೆಯೇ ಎಂದು ಆಪ್ಟ್ ಪರೀಕ್ಷಿಸುತ್ತದೆ. ಎಲ್ಲೋ ಸಿಕ್ಕಿದ ಜಾಲಪುಟದಿಂದ ಕಡತವನ್ನು ಇಳಿಸಿಕೊಳ್ಳುವುದಕ್ಕಿಂತ ಈ ದಾರಿ ಸುರಕ್ಷಿತವಾಗಿರುವುದು ಆ ಕಾರಣದಿಂದ.

ಯಂತ್ರವು ಸಾಧನವನ್ನು ಕಂಡುಕೊಳ್ಳುವ ಬಗೆ

ಐದನೆಯ ಹಂತದಲ್ಲಿ ನಾವು ಮೇಕ್ ಎಂದಷ್ಟೇ ಬರೆದೆವು. ಅದು ಎಲ್ಲಿದೆ ಎಂದು ಹೇಳಲಿಲ್ಲ. ಹಾಗಿದ್ದರೂ ಯಂತ್ರ ಅದನ್ನು ಕಂಡುಕೊಂಡಿತು. ಆಜ್ಞೆಗಳನ್ನು ಎಲ್ಲೆಲ್ಲಿ ಹುಡುಕಬೇಕು ಎಂಬ ಕಡತಕೋಶಗಳ ಪಟ್ಟಿಯೊಂದು ಯಂತ್ರದಲ್ಲಿದೆ. ಅದರ ಹೆಸರು ‘ಪಾತ್’, ಅಂದರೆ ದಾರಿ. ಆಜ್ಞೆ ಬಂದೊಡನೆ ಯಂತ್ರ ಈ ಪಟ್ಟಿಯ ಕೋಶಗಳಲ್ಲಿ ಒಂದಾದ ಮೇಲೊಂದರಂತೆ ಹುಡುಕಿ, ಮೊದಲು ಸಿಕ್ಕಿದುದನ್ನು ನಡೆಸುತ್ತದೆ. ವಿಚ್ ಮೇಕ್ ಎಂಬ ಆಜ್ಞೆ ಕೊಟ್ಟರೆ ಸಾಧನ ಇರುವ ನೆಲೆ ತಿಳಿಯುತ್ತದೆ. ಉಬುಂಟುವಿನಲ್ಲಿ ಅದು ಸಾಮಾನ್ಯವಾಗಿ ‘ಯು-ಎಸ್-ಆರ್’ ಕೋಶದೊಳಗಿನ ‘ಬಿನ್’ ಎಂಬ ಕೋಶ.

ಸ್ಥಾಪನೆಗೆ ಎರಡು ಭಾಗಗಳಿವೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ: ಸಾಧನವನ್ನು ಯಂತ್ರದಲ್ಲಿ ಇಡುವುದು ಒಂದು, ಯಂತ್ರಕ್ಕೆ ಅದು ಸಿಗುವಂತೆ ಮಾಡುವುದು ಇನ್ನೊಂದು. ಆಪ್ಟ್ ಎರಡನ್ನೂ ನೆರವೇರಿಸುತ್ತದೆ. ಬೇರೆ ರೀತಿಯ ಸ್ಥಾಪನೆಗಳಲ್ಲಿ ಎರಡನೆಯ ಭಾಗ ಕೆಲವೊಮ್ಮೆ ನಮ್ಮ ಪಾಲಿಗೆ ಉಳಿಯುತ್ತದೆ. “ಇನ್‌ಸ್ಟಾಲ್ ಮಾಡಿದರೂ ಸಿಗುತ್ತಿಲ್ಲ” ಎಂಬ ದೂರು ಬಂದಾಗ ಮೊದಲು ನೋಡಬೇಕಾದುದು ಪಾತ್ ಪಟ್ಟಿಯನ್ನು.

ತರಗತಿಯ ಚಟುವಟಿಕೆ: ಗಾದೆ, ಒಗಟು, ಸಂಚಿಕೆ

ಮೇಕ್‌ನ ನಿಯಮಗಳಲ್ಲಿ ಕಡತಗಳ ಹೆಸರನ್ನು ಕನ್ನಡದಲ್ಲಿಯೇ ಬರೆಯಬಹುದು. ಲಿನಕ್ಸ್ ವ್ಯವಸ್ಥೆಯಲ್ಲಿ ಯೂನಿಕೋಡ್ ಕನ್ನಡ ಹೆಸರುಗಳು ಇಂಗ್ಲಿಷ್ ಹೆಸರುಗಳಂತೆಯೇ ನಡೆಯುತ್ತವೆ. ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಇದು ಸಣ್ಣ ಸಂಗತಿಯಲ್ಲ. ಮನೆಯಲ್ಲಿ ತುಳು, ಮಲಯಾಳ, ಮರಾಠಿ, ತೆಲುಗು, ತಮಿಳು ಇತ್ಯಾದಿ ಯಾವ ಮಾತೇ ಇರಲಿ, ಶಾಲೆಯಲ್ಲಿ ವಿಚಾರ ಮಾಡುವುದಕ್ಕೆ ಅವನು ಕಲಿತ ಭಾಷೆ ಕನ್ನಡ. ಯಂತ್ರದೊಡನೆ ವ್ಯವಹರಿಸುವಾಗ ಆ ಭಾಷೆಯನ್ನು ಬಾಗಿಲ ಹೊರಗೆ ಬಿಟ್ಟು ಬರಬೇಕಾಗಿಲ್ಲವೆಂದು ಅವನು ಕಣ್ಣಾರೆ ಕಾಣಲಿ.

ಮೊದಲು ‘ಪತ್ರಿಕೆ’ ಎಂಬ ಹೊಸ ಕಡತಕೋಶವನ್ನು ಮಾಡಬೇಕು. ಪಠ್ಯ ಸಂಪಾದಕವನ್ನು ತೆರೆದು ಒಂದು ಗುಂಪು ನಾಲ್ಕೈದು ಗಾದೆಗಳನ್ನು ಬರೆದು ‘ಗಾದೆ’ ಎಂಬ ಹೆಸರಿನಲ್ಲಿ ಉಳಿಸಲಿ. ಇನ್ನೊಂದು ಗುಂಪು ಒಗಟುಗಳನ್ನು ಬರೆದು ‘ಒಗಟು’ ಎಂಬ ಹೆಸರಿನಲ್ಲಿ ಉಳಿಸಲಿ. ಎರಡು ಕಡತಗಳೂ ಕೊನೆಯ ಸಾಲಿನ ನಂತರ ಎಂಟರ್ ಒತ್ತಿ ಮುಗಿದಿರಲಿ. ಬಳಿಕ ಮೂರನೆಯ ಕಡತವೊಂದನ್ನು ತೆರೆದು ಈ ಎರಡು ಸಾಲುಗಳನ್ನು ಬರೆಯಬೇಕು:

ಸಂಚಿಕೆ: ಗಾದೆ ಒಗಟು
[ಟ್ಯಾಬ್] ಕ್ಯಾಟ್ ಗಾದೆ ಒಗಟು > ಸಂಚಿಕೆ

ಎರಡನೆಯ ಸಾಲಿನ ಆರಂಭದಲ್ಲಿ ಆವರಣದೊಳಗೆ ತೋರಿಸಿರುವುದು ಟೈಪ್ ಮಾಡುವ ಪದವಲ್ಲ. ಅಲ್ಲಿ ಟ್ಯಾಬ್ ಕೀಲಿಯನ್ನು ಒಮ್ಮೆ ಒತ್ತಿ, ಒಡನೆಯೇ ಕ್ಯಾಟ್ ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕು. ಸಾಲಿನಲ್ಲಿರುವ ಚಿಹ್ನೆ ಗಣಿತದಲ್ಲಿ ‘ಗಿಂತ ದೊಡ್ಡದು’ ಎಂಬುದಕ್ಕೆ ಬಳಸುವಂಥದು. ಈ ಕಡತವನ್ನು ‘ಮೇಕ್‌ಫೈಲ್’ ಎಂಬ ಹೆಸರಿನಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ, ಒಂದೇ ಪದವಾಗಿ, ಮೊದಲಿನ ಎಂ ಮಾತ್ರ ದೊಡ್ಡಕ್ಷರವಾಗಿ, ಅದೇ ಕೋಶದಲ್ಲಿ ಉಳಿಸಬೇಕು. ಹೆಸರಿನ ಕೊನೆಗೆ ಯಾವ ವಿಸ್ತರಣೆಯನ್ನೂ ಸೇರಿಸಬಾರದು.

ಮೊದಲ ಸಾಲು ಸಂಬಂಧವನ್ನು ಹೇಳುತ್ತದೆ: ಸಂಚಿಕೆ ಎಂಬ ಗುರಿ ಗಾದೆ ಮತ್ತು ಒಗಟು ಎಂಬ ಎರಡು ಮೂಲಗಳನ್ನು ಅವಲಂಬಿಸಿದೆ. ಎರಡನೆಯ ಸಾಲು ವಿಧಾನವನ್ನು ಹೇಳುತ್ತದೆ: ಆ ಎರಡನ್ನೂ ಒಂದರ ಹಿಂದೊಂದರಂತೆ ಜೋಡಿಸಿ ಸಂಚಿಕೆಯೊಳಗೆ ತುಂಬು. ಅಡುಗೆಯಲ್ಲಿ ಬೇಕಾದ ಪದಾರ್ಥಗಳನ್ನು ಮೊದಲು ಹೇಳಿ, ಮಾಡುವ ಕ್ರಮವನ್ನು ಅನಂತರ ಹೇಳುವಂತೆ ಇದು.

ಈಗ ಪತ್ರಿಕೆ ಕೋಶವನ್ನು ತೆರೆದು, ಖಾಲಿ ಜಾಗದಲ್ಲಿ ಮೌಸಿನ ಬಲ ಗುಂಡಿಯನ್ನು ಒತ್ತಿ, ಟರ್ಮಿನಲ್‌ನಲ್ಲಿ ತೆರೆಯುವ ಆಯ್ಕೆಯನ್ನು ಆರಿಸಬೇಕು. ಅಲ್ಲಿ ಮೇಕ್ ಎಂದು ಬರೆದು ಎಂಟರ್ ಒತ್ತಿದರೆ ಕ್ಯಾಟ್ ಸಾಲು ಪರದೆಯ ಮೇಲೆ ಮೂಡಿ, ಕೋಶದಲ್ಲಿ ಸಂಚಿಕೆ ಎಂಬ ಕಡತ ಹುಟ್ಟುತ್ತದೆ. ಟರ್ಮಿನಲ್ ಕಿಟಕಿಯಲ್ಲಿ ಕನ್ನಡದ ಗುಣಿತ, ಒತ್ತಕ್ಷರಗಳು ಬಿಡಿಬಿಡಿಯಾಗಿ ಕಾಣಬಹುದು. ಅದು ತೋರಿಕೆಯ ಕೊರತೆ ಮಾತ್ರ, ಕಡತದ ಹೆಸರು ಕೆಟ್ಟಿರುವುದಿಲ್ಲ.

ಮುಂದಿನ ಮೂರು ಪ್ರಶ್ನೆಗಳನ್ನು ಅಧ್ಯಾಪಕರು ಆಜ್ಞೆ ಕೊಡುವುದಕ್ಕೆ ಮೊದಲು ಕೇಳಬೇಕು. ಉತ್ತರವನ್ನು ಮಕ್ಕಳು ಪುಸ್ತಕದಲ್ಲಿ ಬರೆದುಕೊಂಡ ಮೇಲೆ ಪರೀಕ್ಷಿಸಬೇಕು.

ಒಂದು: ಏನನ್ನೂ ಬದಲಿಸದೆ ಮತ್ತೆ ಮೇಕ್ ಎಂದರೆ ಏನಾಗುತ್ತದೆ? ಸಂಚಿಕೆ ಹೊಸದಾಗಿಯೇ ಇದೆ, ಮಾಡಬೇಕಾದುದೇನೂ ಇಲ್ಲ ಎಂಬ ಅರ್ಥದ ಉತ್ತರ ಬರುತ್ತದೆ. ‘ಅಪ್ ಟು ಡೇಟ್’ ಎಂಬ ಪದಗಳನ್ನು ಮಕ್ಕಳು ಅಲ್ಲಿ ಗುರುತಿಸಲಿ.

ಎರಡು: ಒಗಟಿನ ಕಡತದಲ್ಲಿ ಒಂದು ಪದವನ್ನು ತಿದ್ದಿ ಉಳಿಸಿ ಮೇಕ್ ಎಂದರೆ? ಕ್ಯಾಟ್ ಸಾಲು ಮತ್ತೆ ಮೂಡುತ್ತದೆ. ತಿದ್ದುಪಡಿ ಸಂಚಿಕೆಗೆ ಸೇರುತ್ತದೆ. ಆರಂಭದಲ್ಲಿ ಹೇಳಿದ ಬಾಲಕಿಯ ತಿದ್ದುಪಡಿ ಈಗ ಕಳೆದುಹೋಗುವುದಿಲ್ಲ.

ಮೂರು: ಸಂಚಿಕೆಯ ಕಡತದಲ್ಲಿಯೇ ತಿದ್ದಿದರೆ? ಮುಂದೆ ಯಾವಾಗಲಾದರೂ ಮೂಲ ಬದಲಾಗಿ ಸಂಚಿಕೆಯನ್ನು ಮರಳಿ ನಿರ್ಮಿಸಿದಾಗ ಆ ತಿದ್ದುಪಡಿ ಅಳಿಸಿಹೋಗುತ್ತದೆ. ತಿದ್ದಬೇಕಾದುದು ಮೂಲವನ್ನು, ಫಲವನ್ನಲ್ಲ. ಈ ಚಟುವಟಿಕೆಯಲ್ಲಿ ಮಕ್ಕಳ ಮನಸ್ಸಿನಲ್ಲಿ ನಿಲ್ಲಬೇಕಾದ ಮುಖ್ಯ ಅಂಶ ಇದೇ.

ಕೆಲಸವನ್ನು ಮಾಡದೆ, ಏನು ಮಾಡಬೇಕೆಂದಿದೆ ಎಂಬುದನ್ನಷ್ಟೇ ತಿಳಿಯಲು ಮೇಕ್ -ಎನ್ ಎಂಬ ಆಜ್ಞೆ ಇದೆ. ಮಕ್ಕಳ ಊಹೆಯನ್ನು ಪರೀಕ್ಷಿಸಲು ಇದು ಉಪಯುಕ್ತ.

ಯಾವ ಕಡತ ಹೊಸದು, ಯಾವುದು ಹಳೆಯದು ಎಂದು ಮೇಕ್ ತಿಳಿಯುವುದು ಹೇಗೆ? ಅದು ಕಡತದೊಳಗಿನ ಬರಹವನ್ನು ಓದುವುದಿಲ್ಲ. ಪ್ರತಿಯೊಂದು ಕಡತವೂ ಕೊನೆಯ ಬಾರಿ ಬದಲಾದ ಹೊತ್ತನ್ನು ವ್ಯವಸ್ಥೆ ದಾಖಲಿಸಿರುತ್ತದೆ; ಮೇಕ್ ಆ ಹೊತ್ತುಗಳನ್ನು ಹೋಲಿಸುತ್ತದೆ. ಮೂಲವು ಗುರಿಗಿಂತ ಹೊಸದಾಗಿದ್ದರೆ ಅಥವಾ ಗುರಿಯೇ ಇಲ್ಲದಿದ್ದರೆ ಕೆಲಸ ನಡೆಸುತ್ತದೆ, ಇಲ್ಲವಾದರೆ ಸುಮ್ಮನಿರುತ್ತದೆ. ಹಳೆಯ ಕಂಪ್ಯೂಟರುಗಳಲ್ಲಿ ಒಳಗಿನ ಸಣ್ಣ ಬ್ಯಾಟರಿ ಮುಗಿದು, ಪ್ರತಿಸಲ ಚಾಲೂ ಮಾಡಿದಾಗಲೂ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗುವುದುಂಟು. ಅಂಥ ಯಂತ್ರದಲ್ಲಿ ಇಂದು ತಿದ್ದಿದ ಕಡತವೂ ಹಳೆಯದೆಂದೇ ದಾಖಲಾಗಿ, ಮೇಕ್ ಅದನ್ನು ಕಡೆಗಣಿಸುತ್ತದೆ. ಗಡಿಯಾರ ಸರಿಯಿರಬೇಕೆಂದು ಮೊದಲೇ ಹೇಳಿದುದು ಇದಕ್ಕಾಗಿ. ‘ಕ್ಲಾಕ್ ಸ್ಕ್ಯೂ’ ಎಂಬ ಪದಗಳುಳ್ಳ ಎಚ್ಚರಿಕೆ ಕಂಡರೆ ಒಡನೆ ದಿನಾಂಕವನ್ನು ಪರಿಶೀಲಿಸಬೇಕು.

ದೋಷ ಸಂದೇಶಗಳನ್ನು ಓದುವುದು

ಇಂಗ್ಲಿಷಿನಲ್ಲಿ ಬರುವ ದೋಷ ಸಂದೇಶವನ್ನು ಕಂಡೊಡನೆ ಕಿಟಕಿಯನ್ನೇ ಮುಚ್ಚಿಬಿಡುವ ಅಭ್ಯಾಸ ಮಕ್ಕಳಲ್ಲಿಯೂ ದೊಡ್ಡವರಲ್ಲಿಯೂ ಇದೆ. ಸಂದೇಶವೆಂಬುದು ಬೈಗುಳವಲ್ಲ, ಸುಳಿವು. ಯಾರು ಹೇಳುತ್ತಿದ್ದಾರೆ, ಎಲ್ಲಿ ಎಂದು ಹೇಳುತ್ತಿದ್ದಾರೆ, ಏನು ಹೇಳುತ್ತಿದ್ದಾರೆ ಎಂಬ ಮೂರು ಪ್ರಶ್ನೆಗಳನ್ನು ಇಟ್ಟುಕೊಂಡು ಅದನ್ನು ಪಾಠದಂತೆಯೇ ಓದಬಹುದು. ಈ ಕೆಲಸ ಭಾಷಾ ಅಧ್ಯಾಪಕರಿಗೆ ಹೊಸದೇನಲ್ಲ.

ಸ್ಥಾಪನೆಯ ವೇಳೆ ಬರುವ ಸಂದೇಶಗಳಲ್ಲಿ ಎರಡು ಮುಖ್ಯ. ‘ಅನೇಬಲ್ ಟು ಲೊಕೇಟ್ ಪ್ಯಾಕೇಜ್’ ಎಂದರೆ ಆ ಹೆಸರಿನ ತಂತ್ರಾಂಶ ಪಟ್ಟಿಯಲ್ಲಿಲ್ಲ ಎಂದರ್ಥ. ಕಾಗುಣಿತವನ್ನು ನೋಡಿ, ಮೂರನೆಯ ಹಂತವನ್ನು ಮತ್ತೆ ನಡೆಸಬೇಕು. ‘ಕುಡ್ ನಾಟ್ ಗೆಟ್ ಲಾಕ್’ ಎಂದರೆ ಬೇರೊಂದು ಸ್ಥಾಪನೆ ಅಥವಾ ಪರಿಷ್ಕರಣೆ ಆಗಲೇ ನಡೆಯುತ್ತಿದೆ. ಅದು ಮುಗಿಯುವವರೆಗೆ ಕಾಯಬೇಕು. ಬೀಗದ ಕಡತವನ್ನೇ ಅಳಿಸಿಹಾಕುವ ಸಲಹೆಯನ್ನು ಯಾರಾದರೂ ಕೊಟ್ಟರೆ ಪಾಲಿಸಬಾರದು. ನಡುವೆ ನಿಂತ ಸ್ಥಾಪನೆ ವ್ಯವಸ್ಥೆಯನ್ನೇ ಕೆಡಿಸಬಹುದು.

ಬಳಕೆಯ ವೇಳೆ ಬರುವವು ಮೂರು. ‘ನೋ ಮೇಕ್‌ಫೈಲ್ ಫೌಂಡ್’ ಎಂದರೆ ನಾವು ತಪ್ಪು ಕೋಶದಲ್ಲಿದ್ದೇವೆ ಅಥವಾ ಕಡತದ ಹೆಸರು ತಪ್ಪಾಗಿದೆ. ‘ನೋ ರೂಲ್ ಟು ಮೇಕ್ ಟಾರ್ಗೆಟ್’ ಎಂದು ಹೇಳಿ ಒಂದು ಹೆಸರನ್ನು ತೋರಿಸಿದರೆ, ಆ ಹೆಸರಿನ ಮೂಲ ಸಿಗುತ್ತಿಲ್ಲ ಎಂದರ್ಥ. ಗಾದೆ ಎಂದು ಉಳಿಸುವಲ್ಲಿ ಗಾದೆಗಳು ಎಂದು ಉಳಿಸಿದ್ದರೆ ಹೀಗಾಗುತ್ತದೆ. ಕಡತದ ಹೆಸರಿನ ನಡುವೆ ಅಂತರ ಬಿಟ್ಟರೂ ಹೀಗಾಗುತ್ತದೆ, ಏಕೆಂದರೆ ಮೇಕ್ ಅಂತರವನ್ನು ಎರಡು ಹೆಸರುಗಳ ಗಡಿಯೆಂದು ತಿಳಿಯುತ್ತದೆ.

ಮೂರನೆಯದು ‘ಮಿಸ್ಸಿಂಗ್ ಸೆಪರೇಟರ್’. ಇದರ ಮೊದಲಿಗೆ ಮೇಕ್‌ಫೈಲ್ ಎಂಬ ಹೆಸರೂ ಒಂದು ಸಂಖ್ಯೆಯೂ ಇರುತ್ತವೆ. ಆ ಸಂಖ್ಯೆ ತಪ್ಪಿರುವ ಸಾಲಿನದು. ಟ್ಯಾಬ್ ಕೀಲಿಯ ಬದಲಿಗೆ ಅಂತರದ ಕೀಲಿಯನ್ನು ಹಲವು ಬಾರಿ ಒತ್ತಿರುವುದೇ ಬಹುತೇಕ ಸಂದರ್ಭಗಳಲ್ಲಿ ಕಾರಣ. ಕಣ್ಣಿಗೆ ಎರಡೂ ಒಂದೇ ಖಾಲಿ ಜಾಗ. ಯಂತ್ರಕ್ಕೆ ಅವು ಬೇರೆ ಬೇರೆ ಅಕ್ಷರಗಳು. ಈ ವಿಚಿತ್ರ ನಿಯಮಕ್ಕೂ ಒಂದು ಕಥೆಯಿದೆ. ಟ್ಯಾಬ್‌ನ ತೊಡಕು ಅರಿವಾಗುವ ಹೊತ್ತಿಗೆ ಫೆಲ್ಡ್‌ಮನ್ನರ ಸಾಧನವನ್ನು ಸುಮಾರು 12 ಮಂದಿ ಬಳಸುತ್ತಿದ್ದರು, ಬಹುಪಾಲು ಗೆಳೆಯರೇ. ಅವರಿಗೆ ತೊಂದರೆಯಾಗಬಾರದೆಂದು ಅವರು ನಿಯಮವನ್ನು ಬದಲಿಸಲಿಲ್ಲ. ಅಂದಿನ ಆ ದಾಕ್ಷಿಣ್ಯದ ಫಲವನ್ನು ಲೋಕದ ಕ್ರಮವಿಧಿಕಾರರೆಲ್ಲ ಇಂದಿಗೂ ಉಣ್ಣುತ್ತಿದ್ದಾರೆ.

ಅಂತರಜಾಲ ಇಲ್ಲದಲ್ಲಿ, ವಿಂಡೋಸ್ ಇರುವಲ್ಲಿ

ಶಾಲೆಯಲ್ಲಿ ಸಂಪರ್ಕ ಇಲ್ಲದಿದ್ದರೆ, ಅದೇ ಆವೃತ್ತಿಯ ಉಬುಂಟು ಇರುವ ಮತ್ತೊಂದು ಕಂಪ್ಯೂಟರಿನಲ್ಲಿ ಆಪ್ಟ್ ಡೌನ್‌ಲೋಡ್ ಮೇಕ್ ಎಂಬ ಆಜ್ಞೆ ಕೊಟ್ಟು, ದೊರೆತ ‘ಡೆಬ್’ ಕಡತವನ್ನು ಪೆನ್‌ಡ್ರೈವಿನಲ್ಲಿ ತರಬಹುದು. ಎರಡು ಯಂತ್ರಗಳ ವ್ಯವಸ್ಥೆಯೂ ಪ್ರೊಸೆಸರಿನ ಬಗೆಯೂ ಒಂದೇ ಆಗಿರಬೇಕು. ಕಡತ ಇರುವ ಕೋಶದಲ್ಲಿ ಟರ್ಮಿನಲ್ ತೆರೆದು, ಸುಡೊ ಆಪ್ಟ್ ಇನ್‌ಸ್ಟಾಲ್ ಎಂದು ಬರೆದು, ಅಂತರ ಬಿಟ್ಟು, ಒಂದು ಚುಕ್ಕೆ ಮತ್ತು ಒಂದು ಓರೆಗೆರೆಯನ್ನು ಹಾಕಿ, ಅವುಗಳಿಗೆ ಅಂಟಿಕೊಂಡಂತೆ ಕಡತದ ಪೂರ್ಣ ಹೆಸರನ್ನು ಬರೆಯಬೇಕು. ಹೆಸರಿನ ಮೊದಲ ಕೆಲವು ಅಕ್ಷರಗಳನ್ನು ಬರೆದು ಟ್ಯಾಬ್ ಒತ್ತಿದರೆ ಉಳಿದುದನ್ನು ಯಂತ್ರವೇ ತುಂಬುತ್ತದೆ. ಮೇಕ್‌ನ ಗಾತ್ರ ಚಿಕ್ಕದು, ಅದರ ಅವಲಂಬನೆಗಳೂ ಅತ್ಯಲ್ಪ. ಆದ್ದರಿಂದ ಈ ಉಪಾಯ ಸುಲಭವಾಗಿ ಸಾಗುತ್ತದೆ.

ವಿಂಡೋಸ್ 11ರಲ್ಲಿಯೂ ವಿಂಡೋಸ್ 10ರ ಈಚಿನ ಆವೃತ್ತಿಗಳಲ್ಲಿಯೂ ವಿಂಡೋಸಿನೊಳಗೇ ಉಬುಂಟುವನ್ನು ನಡೆಸುವ ಅನುಕೂಲವಿದೆ. ಪವರ್‌ಶೆಲ್ ಎಂಬ ಕಿಟಕಿಯನ್ನು ಆಡಳಿತಾಧಿಕಾರದೊಂದಿಗೆ ತೆರೆದು ಡಬ್ಲ್ಯು-ಎಸ್-ಎಲ್ --ಇನ್‌ಸ್ಟಾಲ್ ಎಂಬ ಆಜ್ಞೆ ಕೊಡಬೇಕು. ಡಬ್ಲ್ಯು, ಎಸ್, ಎಲ್ ಎಂಬವು ಅಡ್ಡಗೆರೆಯಿಲ್ಲದೆ ಒಂದೇ ಪದ. ಯಂತ್ರವನ್ನು ಮುಚ್ಚಿ ತೆರೆದ ಬಳಿಕ ಉಬುಂಟುವಿಗೆ ಒಂದು ಬಳಕೆದಾರ ಹೆಸರನ್ನೂ ಗುಪ್ತಪದವನ್ನೂ ಗೊತ್ತುಪಡಿಸಬೇಕು. ಅನಂತರ ಉಬುಂಟುವಿನ ಕಿಟಕಿಯಲ್ಲಿ ಎರಡರಿಂದ ಐದರವರೆಗಿನ ಹಂತಗಳು ಹಾಗೆಯೇ ನಡೆಯುತ್ತವೆ. ಹಳೆಯ ಯಂತ್ರಗಳಲ್ಲಿ ಇದಕ್ಕೆ ಬೇಕಾದ ‘ವರ್ಚುವಲೈಸೇಷನ್’ ಸೌಲಭ್ಯವನ್ನು ಬಯಾಸ್‌ನಲ್ಲಿ ಚಾಲೂ ಮಾಡಬೇಕಾಗಬಹುದು. ಅದನ್ನು ಯಂತ್ರಗಳ ನಿರ್ವಹಣೆ ಬಲ್ಲವರಿಂದಲೇ ಮಾಡಿಸುವುದು ಒಳ್ಳೆಯದು.

ಮೌಲ್ಯಮಾಪನ

ಆಜ್ಞೆಗಳನ್ನು ಕಂಠಪಾಠ ಮಾಡಿಸಿ ಒಪ್ಪಿಸುವುದು ಈ ಪಾಠದ ಮೌಲ್ಯಮಾಪನವಾಗಬಾರದು. ಪತ್ರಿಕೆಗೆ ‘ಕಥೆ’ ಎಂಬ ಮೂರನೆಯ ವಿಭಾಗವನ್ನು ಸೇರಿಸಬೇಕಾದರೆ ಮೇಕ್‌ಫೈಲಿನ ಎರಡು ಸಾಲುಗಳಲ್ಲಿಯೂ ಏನನ್ನು ಬದಲಿಸಬೇಕು ಎಂದು ಕೇಳಬೇಕು. ಮೊದಲ ಸಾಲಿನಲ್ಲಿ ಸೇರಿಸಿ ಎರಡನೆಯದರಲ್ಲಿ ಬಿಟ್ಟರೆ ಕಥೆಯನ್ನು ತಿದ್ದಿದಾಗ ಸಂಚಿಕೆ ಮರಳಿ ನಿರ್ಮಾಣವಾಗುತ್ತದೆ, ಆದರೆ ಕಥೆ ಅದರೊಳಗೆ ಇರುವುದಿಲ್ಲ. ಎರಡನೆಯದರಲ್ಲಿ ಸೇರಿಸಿ ಮೊದಲನೆಯದರಲ್ಲಿ ಬಿಟ್ಟರೆ ಕಥೆಯಲ್ಲಿ ಮಾಡಿದ ತಿದ್ದುಪಡಿಯನ್ನು ಮೇಕ್ ಗಮನಿಸುವುದೇ ಇಲ್ಲ. ಅಂದರೆ ನಾವು ಹೊರಟ ಸಮಸ್ಯೆಗೇ ಮರಳಿ ಬಂದಂತಾಯಿತು. ಈ ಎರಡು ತಪ್ಪುಗಳ ವ್ಯತ್ಯಾಸವನ್ನು ತನ್ನದೇ ಕನ್ನಡದಲ್ಲಿ ಹೇಳಬಲ್ಲ ವಿದ್ಯಾರ್ಥಿಗೆ ನಿರ್ಮಾಣ ಸಾಧನವೆಂದರೇನೆಂದು ತಿಳಿದಿದೆ. ಮುಂದೆ ಅವನು ಯಾವ ಭಾಷೆಯ ಮಾಧ್ಯಮದಲ್ಲಿ ಓದಿದರೂ, ಯಾವ ಹೊಸ ಸಾಧನವನ್ನು ಕಂಡರೂ ಆ ತಿಳಿವಳಿಕೆ ಅವನೊಂದಿಗೆ ಹೋಗುತ್ತದೆ.